ಶಸ್ತ್ರಚಿಕಿತ್ಸೆಯ ಅನಂತರದ ನೋವು ಮತ್ತು ಅದರ ಔಷಧಗಳು



ಕಳೆದ ಮಳೆಗಾಲದಲ್ಲಿ ಒಂಬತ್ತನೆಯ ಇಯತ್ತೆಯ ಹುಡುಗನೊಬ್ಬನು ಒಂದು ವಾರ ಶಾಲೆಗೆ ಬರಲಿಲ್ಲ. ವಿಚಾರಿಸಲಾಗಿ, ಅವನ ತಾಯಿಯವರಿಗೆ ಪಿತ್ತಕೋಶದ ಕಲ್ಲಿಗಾಗಿ ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿದೆಯೆಂದೂ, ತಂದೆಯವರಿಗೆ ಹಗಲಿನಲ್ಲಿ ರಜೆ ದೊರೆಯದ ಕಾರಣ ಆಸ್ಪತ್ರೆಯಲ್ಲಿ ಹುಡುಗನೇ ತಾಯಿಯ ಬಳಿ ಇರುವನೆಂದೂ ತಿಳಿದುಬಂದಿತು. ಆ ತಾಯಿಯವರಿಗೆ ಕನ್ನಡದ ಹೊರತು ಬೇರೆ ಭಾಷೆ ಬಾರದು. ನರ್ಸ್ ಹೊತ್ತುಹೊತ್ತಿಗೆ ಬಂದು ನೋವು ಎಷ್ಟಿದೆಯೆಂದು ಮರಾಠಿಯಲ್ಲಿ ಕೇಳುವರು. ಹುಡುಗನು ಅದನ್ನು ಕನ್ನಡದಲ್ಲಿ ತಾಯಿಗೆ ಹೇಳುವನು. "ಏನೂ ಇಲ್ಲಂತ ಹೇಳಪ್ಪಾ, ತಡ್ಕೋತೀನಿ" ಎಂದು ತಾಯಿ ಉತ್ತರ ಕೊಡುವರು. ಹುಡುಗನು "ಏನೂ ಇಲ್ಲ" ಎಂಬಷ್ಟನ್ನೇ ನರ್ಸಿಗೆ ತಿಳಿಸಿ, "ತಡ್ಕೋತೀನಿ" ಎಂಬುದನ್ನು ಬಿಟ್ಟುಬಿಡುವನು. ಹೀಗೆ ಎರಡು ದಿನ ಕಳೆದವು. ಮೂರನೆಯ ದಿನ ಅವರಿಗೆ ಜ್ವರ ಬಂದು ಎದೆಯಲ್ಲಿ ಕಫ ಕಟ್ಟಿತು. ಹೊಟ್ಟೆಯ ನೋವಿಗೆ ಹೆದರಿ ಅವರು ಒಮ್ಮೆಯೂ ಕೆಮ್ಮಿರಲಿಲ್ಲ, ತುಂಬ ಉಸಿರನ್ನೂ ಎಳೆದಿರಲಿಲ್ಲ ಎಂಬುದು ವೈದ್ಯರಿಗೆ ಆಗ ಗೊತ್ತಾಯಿತು.

ದೇವರ ದಯದಿಂದ ಅವರು ಗುಣಹೊಂದಿ ಮನೆಗೆ ಬಂದರು. ಹುಡುಗನು ಮರಳಿ ಶಾಲೆಗೆ ಬಂದ ದಿನ ಒಂದು ಚೀಲದಲ್ಲಿ ನಾಲ್ಕು ಬಗೆಯ ಗುಳಿಗೆಗಳ ಸ್ಟ್ರಿಪ್‌ಗಳನ್ನು ತಂದು ನಮ್ಮ ಮೇಜಿನ ಮೇಲಿರಿಸಿ, "ಸರ್, ನೋವಿಗೆ ಇವುಗಳಲ್ಲಿ ಎಲ್ಲಕ್ಕಿಂತ ಒಳ್ಳೆಯದು ಯಾವುದು?" ಎಂದು ಕೇಳಿದನು. ನಾವು ವೈದ್ಯರಲ್ಲ. ಆದಕಾರಣ ಅಂದು ಉತ್ತರ ಹೇಳದೆ, ಬಲ್ಲವರನ್ನು ಕೇಳಿ, ಗ್ರಂಥಗಳನ್ನು ಓದಿ, ತಿಳಿದುಕೊಂಡುದನ್ನು ಈಗ ನಿಮ್ಮೆಲ್ಲರ ಮುಂದಿಡುತ್ತಿದ್ದೇವೆ. ಯಾವ ರೋಗಿಗೆ ಯಾವ ಔಷಧವೆಂಬುದನ್ನು ಗೊತ್ತುಮಾಡುವ ಅಧಿಕಾರ ವೈದ್ಯರದು. ಈ ಲೇಖನವು ಅವರ ಮಾತನ್ನು ಅರಿತುಕೊಳ್ಳಲು ಮಾತ್ರ ನಿಮಗೆ ಸಹಾಯಕವಾದೀತು.

ನೋವು ಸಾಗುವ ದಾರಿ

ಔಷಧಗಳನ್ನು ಹೋಲಿಸುವ ಮೊದಲು ನೋವು ಎಲ್ಲಿ ಹುಟ್ಟಿ ಎಲ್ಲಿಗೆ ಹೋಗುವುದೆಂಬುದನ್ನು ತಿಳಿಯಬೇಕು. ಶಸ್ತ್ರವೈದ್ಯರು ಚರ್ಮ ಮತ್ತು ಮಾಂಸಖಂಡಗಳನ್ನು ಕೊಯ್ದಾಗ ಅಲ್ಲಿಯ ಜೀವಕೋಶಗಳು ಒಡೆಯುತ್ತವೆ. ಆ ಭಾಗದಲ್ಲಿ ಪ್ರೊಸ್ಟಾಗ್ಲಾಂಡಿನ್ ಮೊದಲಾದ ರಾಸಾಯನಿಕ ದ್ರವ್ಯಗಳು ಉತ್ಪನ್ನವಾಗುತ್ತವೆ. ಇವುಗಳಿಂದ ಗಾಯದ ಸುತ್ತ ಬಾವು ಬರುವುದಲ್ಲದೆ, ಅಲ್ಲಿಯ ನರಗಳ ತುದಿಗಳು ಅತಿ ಸೂಕ್ಷ್ಮವಾಗಿ, ಬಟ್ಟೆ ತಗುಲಿದರೂ ಉರಿಯುವಂತಾಗುತ್ತದೆ. ಆ ತುದಿಗಳಿಂದ ಹೊರಟ ಸುದ್ದಿಯು ನರದ ಮೂಲಕ ಬೆನ್ನುಹುರಿಗೂ, ಅಲ್ಲಿಂದ ಮಿದುಳಿಗೂ ತಲುಪುತ್ತದೆ. ಮಿದುಳು ಅದನ್ನು ಗ್ರಹಿಸಿದ ಮೇಲೆಯೇ ನಮಗೆ ನೋವಿನ ಅನುಭವವಾಗುವುದು.

ಗಾಯ, ನರ, ಬೆನ್ನುಹುರಿ, ಮಿದುಳು ಇವು ನಾಲ್ಕು ನಿಲ್ದಾಣಗಳೆಂದು ಇಟ್ಟುಕೊಳ್ಳೋಣ. ಲೋಕಲ್ ಗಾಡಿಯನ್ನು ಹೊರಡುವ ನಿಲ್ದಾಣದಲ್ಲಿಯೂ ತಡೆಯಬಹುದು, ನಡುದಾರಿಯಲ್ಲಿಯೂ ತಡೆಯಬಹುದು, ಕೊನೆಯ ನಿಲ್ದಾಣದಲ್ಲಿಯೂ ತಡೆಯಬಹುದು. ನೋವಿನ ಔಷಧಗಳಲ್ಲಿ ಭೇದಗಳಿರುವುದು ಮುಖ್ಯವಾಗಿ ಇದರಿಂದಲೇ. ಒಂದೊಂದು ಔಷಧವೂ ಒಂದೊಂದು ನಿಲ್ದಾಣದಲ್ಲಿ ಕೆಲಸ ಮಾಡುತ್ತದೆ.

ಪ್ರಜ್ಞೆ ತಪ್ಪಿಸುವ ಔಷಧವೇ ಬೇರೆ, ನೋವು ಕಳೆಯುವ ಔಷಧವೇ ಬೇರೆ ಎಂಬುದನ್ನೂ ಇಲ್ಲಿ ಗಮನಿಸಬೇಕು. 1846ನೆಯ ಇಸವಿ ಅಕ್ಟೋಬರ್ 16ರಂದು ಅಮೆರಿಕೆಯ ಬೋಸ್ಟನ್ ನಗರದ ಆಸ್ಪತ್ರೆಯಲ್ಲಿ ಮಾರ್ಟನ್ ಎಂಬ ದಂತವೈದ್ಯನು ಈಥರ್ ಎಂಬ ದ್ರವದ ಆವಿಯನ್ನು ರೋಗಿಗೆ ಮೂಸಿಸಿ, ನೋವಿಲ್ಲದೆ ಶಸ್ತ್ರಚಿಕಿತ್ಸೆ ಸಾಧ್ಯವೆಂದು ಎಲ್ಲರೆದುರು ತೋರಿಸಿದನು. ಮರುವರ್ಷ ಎಡಿನ್‌ಬರೋದಲ್ಲಿ ಸಿಂಪ್ಸನ್ ಎಂಬ ವೈದ್ಯನು ಕ್ಲೋರೋಫಾರ್ಮನ್ನು ಬಳಕೆಗೆ ತಂದನು. ಇವುಗಳಿಂದ ಕೊಯ್ಯುವಾಗಿನ ನೋವೇನೋ ತಪ್ಪಿತು. ಆದರೆ ರೋಗಿಯು ಎಚ್ಚರಗೊಂಡ ಮೇಲೆ ಎರಡು ಮೂರು ದಿನ ಅನುಭವಿಸುವ ನೋವಿಗೆ ಬೇರೆಯ ಉಪಾಯ ಬೇಕೇ ಬೇಕಾಯಿತು.

ನಾಲ್ಕು ಬಗೆಯ ಔಷಧಗಳು

ಮೊದಲನೆಯದು, ಗಾಯದ ಬಳಿಯಲ್ಲಿ ಕೆಲಸ ಮಾಡುವ, ಬಾವನ್ನೂ ಇಳಿಸುವ ಔಷಧಗಳ ಗುಂಪು. ಇದರ ಹಿರಿಯನು ಆಸ್ಪಿರಿನ್. ವಿಲ್ಲೋ ಎಂಬ ಮರದ ತೊಗಟೆಯಿಂದ ಜ್ವರ ಇಳಿಯುವುದೆಂದು 1763ರಲ್ಲಿ ಇಂಗ್ಲೆಂಡಿನ ಪಾದ್ರಿ ಎಡ್ವರ್ಡ್ ಸ್ಟೋನ್ ಎಂಬವನು ರಾಯಲ್ ಸೊಸೈಟಿಗೆ ಬರೆದನು. ಆ ತೊಗಟೆಯ ಸಾರಕ್ಕೆ ಹತ್ತಿರದ ಸಂಬಂಧವುಳ್ಳ ಆಸ್ಪಿರಿನ್ ಜರ್ಮನಿಯಲ್ಲಿ 1899ರಲ್ಲಿ ಮಾರಾಟಕ್ಕೆ ಬಂದಿತು. ಅದು ನೋವನ್ನು ಹೇಗೆ ಕಳೆಯುವುದೆಂಬುದು ಮಾತ್ರ 1971ರ ವರೆಗೆ ಗೊತ್ತಿರಲಿಲ್ಲ. ಮೇಲೆ ಹೇಳಿದ ಪ್ರೊಸ್ಟಾಗ್ಲಾಂಡಿನ್ ಹುಟ್ಟದಂತೆ ಅದು ತಡೆಯುವುದೆಂದು ಲಂಡನ್ನಿನ ಜಾನ್ ವೇನ್ ಆ ವರ್ಷ ತೋರಿಸಿಕೊಟ್ಟರು. ಇದಕ್ಕಾಗಿ ಅವರಿಗೆ, ಸ್ವೀಡನ್ನಿನ ಇನ್ನಿಬ್ಬರು ವಿಜ್ಞಾನಿಗಳೊಡನೆ, 1982ರ ನೊಬೆಲ್ ಪಾರಿತೋಷಕ ದೊರೆಯಿತು. ಐಬುಪ್ರೊಫೆನ್, ಡೈಕ್ಲೋಫೆನಾಕ್, ಕೆಟೊರೊಲಾಕ್ ಇವು ಅದೇ ಗುಂಪಿನ ಕಿರಿಯರು.

ಈ ಔಷಧಗಳ ಗುಣ ದೊಡ್ಡದು, ದೋಷವೂ ಚಿಕ್ಕದಲ್ಲ. ಪ್ರೊಸ್ಟಾಗ್ಲಾಂಡಿನ್ ಕೇವಲ ನೋವನ್ನುಂಟುಮಾಡುವ ದ್ರವ್ಯವಲ್ಲ. ಅದು ಜಠರದ ಒಳಪದರವನ್ನು ಆಮ್ಲದಿಂದ ಕಾಯುತ್ತದೆ, ಮೂತ್ರಪಿಂಡಗಳಿಗೆ ರಕ್ತ ಸರಿಯಾಗಿ ಹರಿಯಲು ನೆರವಾಗುತ್ತದೆ. ಅದನ್ನು ತಡೆದಾಗ ಈ ಎರಡು ಉಪಕಾರಗಳೂ ನಿಲ್ಲುತ್ತವೆ. ಆದುದರಿಂದ ಜಠರದ ಹುಣ್ಣು, ಮೂತ್ರಪಿಂಡದ ದೋಷ, ಹೃದ್ರೋಗ ಇವುಳ್ಳವರಿಗೆ ವೈದ್ಯರು ಇವನ್ನು ಬಹಳ ಯೋಚಿಸಿ ಕೊಡುವರು, ಇಲ್ಲವೆ ಕೊಡುವುದೇ ಇಲ್ಲ. ಆಸ್ಪಿರಿನ್ ರಕ್ತ ಹೆಪ್ಪುಗಟ್ಟುವುದನ್ನು ಹಲವು ದಿನ ಕುಂದಿಸುವ ಕಾರಣ ಹೊಸ ಗಾಯದ ನೋವಿಗೆ ಅದನ್ನು ಸಾಮಾನ್ಯವಾಗಿ ಆರಿಸುವುದಿಲ್ಲ. ಕೆಟೊರೊಲಾಕ್ ಬಹು ಬಲವಾದುದು. ಆದರೆ ಐದು ದಿನಗಳಿಗಿಂತ ಹೆಚ್ಚು ಅದನ್ನು ಬಳಸಕೂಡದೆಂಬ ನಿಯಮವಿದೆ.

ಎರಡನೆಯದು ಪ್ಯಾರಾಸಿಟಮಾಲ್. ಜ್ವರದ ಗುಳಿಗೆಯೆಂದು ನೀವೆಲ್ಲರೂ ಬಲ್ಲಿರಿ. ಹತ್ತೊಂಬತ್ತನೆಯ ಶತಮಾನದಲ್ಲಿಯೇ ಇದನ್ನು ತಯಾರಿಸಿದ್ದರೂ ಅಂಗಡಿಗಳಲ್ಲಿ ದೊರೆಯತೊಡಗಿದ್ದು 1950ರ ದಶಕದಲ್ಲಿ. ಇದು ಬಾವನ್ನು ಅಷ್ಟಾಗಿ ಇಳಿಸುವುದಿಲ್ಲ. ಇದರ ಕೆಲಸ ಬಹುಮಟ್ಟಿಗೆ ಬೆನ್ನುಹುರಿ ಮತ್ತು ಮಿದುಳುಗಳಲ್ಲಿ ನಡೆಯುತ್ತದೆ. ಜಠರಕ್ಕೆ ಸೌಮ್ಯವಾದುದು, ರಕ್ತಸ್ರಾವವನ್ನು ಹೆಚ್ಚಿಸದು. ಆದರೆ ಅಳತೆ ಮೀರಿದರೆ ಇದು ಯಕೃತ್ತನ್ನು ಹಾಳುಮಾಡಿ ಪ್ರಾಣಕ್ಕೇ ಎರವಾಗಬಲ್ಲದು. ವಯಸ್ಕರಿಗೆ ಒಂದು ದಿನಕ್ಕೆ, ಎಂದರೆ 24 ತಾಸುಗಳಲ್ಲಿ, 4 ಗ್ರಾಂ ಕಟ್ಟಕಡೆಯ ಮಿತಿ. ತೂಕ ಕಡಿಮೆಯಿರುವವರಿಗೂ, ಯಕೃತ್ತಿನ ರೋಗವುಳ್ಳವರಿಗೂ, ಮದ್ಯಪಾನಿಗಳಿಗೂ ಮಿತಿ ಇನ್ನೂ ಕಡಿಮೆ. ಮಕ್ಕಳಿಗೆ ತೂಕ ನೋಡಿ ವೈದ್ಯರೇ ಅಳತೆ ಹೇಳಬೇಕು.

ಮೂರನೆಯದು ನರದಲ್ಲಿಯೇ ಸುದ್ದಿಯನ್ನು ತಡೆಯುವ ಸ್ಥಳೀಯ ಅರಿವಳಿಕೆಗಳು. 1884ರಲ್ಲಿ ವಿಯೆನ್ನಾದ ಕಾರ್ಲ್ ಕೋಲರ್ ಎಂಬ ತರುಣ ವೈದ್ಯನು ಕೊಕೇನ್ ದ್ರಾವಣದ ಹನಿಗಳಿಂದ ಕಣ್ಣನ್ನು ಮರಗಟ್ಟಿಸಬಹುದೆಂದು ಕಂಡುಕೊಂಡನು. ಆ ಅಪಾಯಕಾರಿ ವಸ್ತುವಿನ ಸ್ಥಾನವನ್ನು ಮುಂದೆ ಲಿಗ್ನೊಕೇನ್, ಬುಪಿವಕೇನ್ ಮೊದಲಾದವು ಆಕ್ರಮಿಸಿದವು. ಹಲ್ಲು ಕೀಳಿಸಿಕೊಂಡವರಿಗೆ ಇವುಗಳ ಪರಿಚಯವಿರುತ್ತದೆ. ಗಾಯದ ಅಂಚಿಗಾಗಲಿ, ನರದ ಸುತ್ತಲಾಗಲಿ, ಬೆನ್ನುಹುರಿಯ ಹೊರಪದರದ ಬಳಿಗಾಗಲಿ ಇದನ್ನು ಚುಚ್ಚಿದರೆ ಆ ಭಾಗದ ನೋವು ಕೆಲವು ತಾಸುಗಳ ಕಾಲ ಹತ್ತಿರ ಸುಳಿಯದು. ರೋಗಿಗೆ ಮಂಪರು ಕವಿಯುವುದಿಲ್ಲವೆಂಬುದು ಇದರ ದೊಡ್ಡ ಗುಣ. ಕೊಡಲು ನುರಿತ ಕೈ ಬೇಕು, ಪ್ರಭಾವ ಇಳಿದೊಡನೆ ನೋವು ಮರಳಿ ಬರುವುದು ಎಂಬುವು ಇದರ ಮಿತಿಗಳು.

ನಾಲ್ಕನೆಯದು ಅಫೀಮಿನ ವಂಶ. ಗಸಗಸೆ ಗಿಡದ ಹಸಿಕಾಯಿಯನ್ನು ಗೀರಿದಾಗ ಒಸರುವ ಹಾಲೇ ಒಣಗಿ ಅಫೀಮಾಗುವುದು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಜರ್ಮನಿಯ ಸೆರ್ಟುರ್ನರ್ ಎಂಬ ಔಷಧಶಾಲೆಯ ತರುಣನು ಅದರ ಸಾರವನ್ನು ಬೇರ್ಪಡಿಸಿ, ಗ್ರೀಕರ ಸ್ವಪ್ನದೇವತೆಯಾದ ಮಾರ್ಫಿಯಸ್‌ನ ಹೆಸರನ್ನು ಅದಕ್ಕಿಟ್ಟನು. ಅದೇ ಮಾರ್ಫಿನ್. ಕೋಡೀನ್ ಅದರ ಒಡಹುಟ್ಟು. ಫೆಂಟನಿಲ್, ಟ್ರಮಡಾಲ್ ಮುಂತಾದವು ಪ್ರಯೋಗಶಾಲೆಯಲ್ಲಿ ಹುಟ್ಟಿದ ಬಂಧುಗಳು. ಫೆಂಟನಿಲ್ ಮಾರ್ಫಿನ್‌ಗಿಂತ ಸುಮಾರು ನೂರುಪಟ್ಟು ಬಲವುಳ್ಳದ್ದಾದುದರಿಂದ ಅದನ್ನು ಮೈಕ್ರೊಗ್ರಾಂಗಳಲ್ಲಿ ಅಳೆಯುತ್ತಾರೆ. ಈ ಔಷಧಗಳು ಬೆನ್ನುಹುರಿ ಮತ್ತು ಮಿದುಳುಗಳಲ್ಲಿ ನೋವಿನ ಸುದ್ದಿಯ ಧ್ವನಿಯನ್ನು ತಗ್ಗಿಸುತ್ತವೆ. ದೊಡ್ಡ ಶಸ್ತ್ರಚಿಕಿತ್ಸೆಯ ಮೊದಲ ದಿನದ ಕಡು ನೋವಿಗೆ ಇವುಗಳಿಗೆ ಸಮನಾದುದು ದೊರೆಯುವುದು ಕಷ್ಟ. ಆದರೆ ಓಕರಿಕೆ, ತುರಿಕೆ, ಮಲಬದ್ಧತೆ, ಮಂಪರು ಇವು ಬೆನ್ನಹಿಂದೆ ಬರುತ್ತವೆ. ಅಳತೆ ಮೀರಿದರೆ ಉಸಿರಾಟವೇ ನಿಧಾನವಾಗಿ ನಿಲ್ಲುವ ಭಯವುಂಟು. ಇದಕ್ಕೆ ನಾಲೊಕ್ಸೋನ್ ಎಂಬ ಪ್ರತಿಮದ್ದು ಇದ್ದು, ಆಸ್ಪತ್ರೆಗಳಲ್ಲಿ ಅದನ್ನು ಸಿದ್ಧವಾಗಿಟ್ಟಿರುತ್ತಾರೆ.

ಹೋಲಿಸಿ ನೋಡಿದಾಗ

ಇನ್ನು ಹುಡುಗನ ಪ್ರಶ್ನೆಗೆ ಬರೋಣ. ಇವುಗಳಲ್ಲಿ ಯಾವುದು ಮೇಲು? ಇದನ್ನು ಪರೀಕ್ಷಿಸಲು ವಿಜ್ಞಾನಿಗಳು ಒಂದು ಕ್ರಮವನ್ನು ಅನುಸರಿಸುತ್ತಾರೆ. ಶಸ್ತ್ರಚಿಕಿತ್ಸೆಯಾದವರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ನಿಜವಾದ ಗುಳಿಗೆಯನ್ನೂ, ಇನ್ನೊಂದಕ್ಕೆ ನೋಡಲು ಹಾಗೆಯೇ ಇದ್ದು ಔಷಧವಿಲ್ಲದ ಹುಸಿಗುಳಿಗೆಯನ್ನೂ ಕೊಡುವರು. ಯಾರಿಗೆ ಯಾವುದು ದೊರೆಯಿತೆಂಬುದು ರೋಗಿಗೂ ತಿಳಿಯದು, ಕೊಟ್ಟವರಿಗೂ ತಿಳಿಯದು. ನಾಲ್ಕರಿಂದ ಆರು ತಾಸುಗಳಲ್ಲಿ ಎಷ್ಟು ಜನರ ನೋವು ಅರ್ಧಕ್ಕಾದರೂ ಇಳಿಯಿತೆಂದು ಎಣಿಸುವರು. ಹುಸಿಗುಳಿಗೆ ನುಂಗಿದವರಲ್ಲಿಯೂ ಕೆಲವರಿಗೆ ಗುಣ ಕಾಣುವುದುಂಟು. ಅವರನ್ನು ಕಳೆದು ಉಳಿದುದೇ ಔಷಧದ ನಿಜವಾದ ಬಲ.

ಇಂತಹ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ ಕಾಕ್ರೆನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯು 2015ರಲ್ಲಿ ಒಂದು ಸಮೀಕ್ಷೆಯನ್ನು ಪ್ರಕಟಿಸಿತು. ಸುಮಾರು 50,000 ವಯಸ್ಕ ರೋಗಿಗಳ ಅನುಭವ ಅದರಲ್ಲಿದೆ. ಅವರಲ್ಲಿ ಬಹುಮಂದಿ ದವಡೆಹಲ್ಲು ತೆಗೆಸಿಕೊಂಡವರು. ಅದರ ಫಲವನ್ನು ನೂರು ಜನರ ಲೆಕ್ಕಕ್ಕೆ ಇಳಿಸಿದರೆ ಹೀಗಾಗುತ್ತದೆ. ಹುಸಿಗುಳಿಗೆಯಿಂದ ಗುಣ ಕಂಡವರಿಗಿಂತ ಹೆಚ್ಚಾಗಿ, ಒಂದು ಸಲ ನುಂಗಿದ 60 ಮಿಲಿಗ್ರಾಂ ಕೋಡೀನ್‌ನಿಂದ ಸುಮಾರು 8 ಜನರಿಗೂ, 1000 ಮಿಲಿಗ್ರಾಂ ಪ್ಯಾರಾಸಿಟಮಾಲ್‌ನಿಂದ ಸುಮಾರು 28 ಜನರಿಗೂ, 400 ಮಿಲಿಗ್ರಾಂ ಐಬುಪ್ರೊಫೆನ್‌ನಿಂದ ಸುಮಾರು 40 ಜನರಿಗೂ ನೋವು ಅರ್ಧಕ್ಕಿಂತ ಮಿಗಿಲಾಗಿ ಇಳಿಯಿತು. 200 ಮಿಲಿಗ್ರಾಂ ಐಬುಪ್ರೊಫೆನ್ ಮತ್ತು 500 ಮಿಲಿಗ್ರಾಂ ಪ್ಯಾರಾಸಿಟಮಾಲ್ ಎರಡನ್ನೂ ಕೂಡಿಸಿ ಕೊಟ್ಟಾಗ ಆ ಸಂಖ್ಯೆ ಸುಮಾರು 62ಕ್ಕೆ ಏರಿತು.

ಈ ನಾಲ್ಕು ಅಂಕಿಗಳನ್ನು ನೀವು ಇನ್ನೊಮ್ಮೆ ನೋಡಬೇಕು. ಅಫೀಮಿನ ವಂಶದ್ದೆಂದು ಹೆಸರು ಹೊತ್ತ ಕೋಡೀನ್ ಗುಳಿಗೆಯು ಎಲ್ಲಕ್ಕಿಂತ ಹಿಂದೆ ನಿಂತಿದೆ. ಕೋಡೀನ್ ತಾನಾಗಿ ಹೆಚ್ಚು ಕೆಲಸ ಮಾಡದು. ಯಕೃತ್ತಿನಲ್ಲಿ ಅದರ ಒಂದಂಶವು ಮಾರ್ಫಿನ್ ಆಗಿ ಮಾರ್ಪಟ್ಟ ಮೇಲೆಯೇ ಗುಣ ಕಾಣಿಸುವುದು. ಕೆಲವರ ದೇಹದಲ್ಲಿ ಈ ಮಾರ್ಪಾಡು ನಡೆಯುವುದೇ ಇಲ್ಲ. ಕೆಲವರಲ್ಲಿ ಅದು ಮಿತಿಮೀರಿದ ವೇಗದಿಂದ ನಡೆಯುತ್ತದೆ. ಟಾನ್ಸಿಲ್ ತೆಗೆಸಿಕೊಂಡು ಕೋಡೀನ್ ಸೇವಿಸಿದ ಕೆಲವು ಮಕ್ಕಳು ಈ ಕಾರಣದಿಂದ ಉಸಿರು ನಿಂತು ತೀರಿಕೊಂಡುದರಿಂದ, ಅಂತಹ ಮಕ್ಕಳಿಗೆ ಅದನ್ನು ಕೊಡಕೂಡದೆಂದು ಅಮೆರಿಕೆಯ ಔಷಧ ನಿಯಂತ್ರಣ ಇಲಾಖೆಯು 2013ರಲ್ಲಿ ಎಚ್ಚರಿಕೆ ಹೊರಡಿಸಿತು.

ಎರಡು ಸಾಧಾರಣ ಗುಳಿಗೆಗಳು, ಅವೂ ಅರ್ಧರ್ಧ ಅಳತೆಯಲ್ಲಿ, ಒಂದುಗೂಡಿದಾಗ ಪ್ರತಿಯೊಂದರ ಪೂರ್ಣ ಅಳತೆಗಿಂತ ಹೆಚ್ಚು ಫಲ ಕೊಟ್ಟಿರುವುದೂ ಗಮನಾರ್ಹ. ಅವು ಬೇರೆ ಬೇರೆ ನಿಲ್ದಾಣಗಳಲ್ಲಿ ಕೆಲಸ ಮಾಡುವುದೇ ಇದಕ್ಕೆ ಕಾರಣ. ಈಗಿನ ಆಸ್ಪತ್ರೆಗಳ ಪದ್ಧತಿಯೂ ಇದನ್ನೇ ಅವಲಂಬಿಸಿದೆ. ಶಸ್ತ್ರಚಿಕಿತ್ಸೆ ಮುಗಿಯುವಾಗ ಗಾಯಕ್ಕೆ ಇಲ್ಲವೆ ನರಕ್ಕೆ ಸ್ಥಳೀಯ ಅರಿವಳಿಕೆ. ಅನಂತರ ಹೊತ್ತಿಗೆ ಸರಿಯಾಗಿ ಪ್ಯಾರಾಸಿಟಮಾಲ್. ರೋಗಿಗೆ ಸಲ್ಲುವಂತಿದ್ದರೆ ಬಾವಿಳಿಸುವ ಔಷಧ. ಇಷ್ಟಾದರೂ ಸಾಲದಿದ್ದರೆ ಮಾತ್ರ, ಆದಷ್ಟು ಕಡಿಮೆ ದಿನ, ಮಾರ್ಫಿನ್ ಇಲ್ಲವೆ ಟ್ರಮಡಾಲ್. ಹೀಗೆ ಮಾಡಿದಾಗ ಪ್ರತಿಯೊಂದರ ಅಳತೆ ಚಿಕ್ಕದಾಗುವುದು, ಅದರ ದೋಷವೂ ಚಿಕ್ಕದಾಗುವುದು. "ಎಲ್ಲಕ್ಕಿಂತ ಒಳ್ಳೆಯದು ಯಾವುದು?" ಎಂಬ ಪ್ರಶ್ನೆಗೆ ಒಂದೇ ಹೆಸರಿನ ಉತ್ತರವಿಲ್ಲ. ಮೂತ್ರಪಿಂಡ ಕೆಟ್ಟ ಅಜ್ಜನಿಗೆ ಐಬುಪ್ರೊಫೆನ್ ಕೇಡು, ಯಕೃತ್ತು ಕೆಟ್ಟವರಿಗೆ ಪ್ಯಾರಾಸಿಟಮಾಲ್‌ನ ಪೂರ್ಣ ಅಳತೆ ಕೇಡು.

ಒಂದು ಸಣ್ಣ ಲೆಕ್ಕ

ಕೂಡಿಸುವ ಕೆಲಸ ವೈದ್ಯರದೆಂದೆವು. ನೆರೆಹೊರೆಯವರು ಕೂಡಿಸಿದರೆ ಏನಾಗುವುದೆಂಬುದಕ್ಕೆ ಒಂದು ಲೆಕ್ಕ ಮಾಡಿ ನೋಡೋಣ. ಸ್ಟ್ರಿಪ್ಪಿನ ಮೇಲೆ ದೊಡ್ಡ ಅಕ್ಷರದಲ್ಲಿರುವುದು ಕಂಪೆನಿಯವರು ಇಟ್ಟ ಹೆಸರು. ಔಷಧದ ನಿಜವಾದ ಹೆಸರು ಚಿಕ್ಕ ಅಕ್ಷರದಲ್ಲಿರುವುದುಂಟು. ಬೆಂಗಳೂರಿನ ಕಂಪೆನಿಯೊಂದರ ಡೋಲೊ 650 ಗುಳಿಗೆಯಲ್ಲಿ 650 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇದೆ. ಅಲ್ಟ್ರಾಸೆಟ್ ಎಂಬುದರಲ್ಲಿ ಟ್ರಮಡಾಲ್ ಜತೆಗೆ 325 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇದೆ. ಕಾಂಬಿಫ್ಲಾಮ್‌ನಲ್ಲಿ ಐಬುಪ್ರೊಫೆನ್ ಜತೆಗೆ ಮತ್ತೆ 325 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇದೆ.

ಆಸ್ಪತ್ರೆಯವರು ರೋಗಿಗೆ ಡೋಲೊ ಮತ್ತು ಅಲ್ಟ್ರಾಸೆಟ್‌ಗಳನ್ನು ದಿನಕ್ಕೆ ಮೂರು ಸಲ ಬರೆದುಕೊಟ್ಟಿದ್ದಾರೆಂದು ಭಾವಿಸಿರಿ. ಮೊದಲನೆಯದರಿಂದ 1950, ಎರಡನೆಯದರಿಂದ 975, ಒಟ್ಟು 2925 ಮಿಲಿಗ್ರಾಂ ಆಯಿತು. ಇದು ಮಿತಿಯೊಳಗಿದೆ. ಪಕ್ಕದ ಖೋಲಿಯವರು ಮರುಕಗೊಂಡು ಕಾಂಬಿಫ್ಲಾಮ್ ತಂದುಕೊಟ್ಟು ಅದನ್ನೂ ಮೂರು ಸಲ ನುಂಗಿಸಿದರು. ಈಗ 3900 ಆಯಿತು. ರಾತ್ರಿ ಮೈ ಬೆಚ್ಚಗಾಯಿತೆಂದು ಇನ್ನೊಂದು ಡೋಲೊ ಕೊಟ್ಟರು. ಮೊತ್ತ 4550 ಮಿಲಿಗ್ರಾಂ. ಎಲ್ಲರೂ ಒಳ್ಳೆಯದನ್ನೇ ಬಯಸಿದರು, ಆದರೂ ಒಂದೇ ದಿನದಲ್ಲಿ 4 ಗ್ರಾಂ ಮೀರಿತು. ಮನೆಯಲ್ಲಿ ಇಂಗ್ಲಿಷ್ ಅಕ್ಷರ ಬಲ್ಲವನು ನೀನೊಬ್ಬನೇ ಆಗಿದ್ದರೆ, ಚಿಕ್ಕ ಅಕ್ಷರಗಳನ್ನು ಓದಿ ಈ ಕೂಡುವ ಲೆಕ್ಕವನ್ನು ಮಾಡಿ, ಸಂದೇಹ ಬಂದರೆ ವೈದ್ಯರಿಗೆ ತೋರಿಸುವುದು ನಿನ್ನ ಕೆಲಸ.

ಚಟದ ಭಯ

ನಮ್ಮ ಹಿರಿಯರಲ್ಲಿ ಅನೇಕರು ನೋವಿನ ಔಷಧವೆಂದರೆ ಚಟ ಹತ್ತುವುದೆಂದು ಹೆದರುತ್ತಾರೆ. ಈ ಭಯ ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ಗಳಿಗೆ ಅಫೀಮಿನಂತಹ ಚಟವಿಲ್ಲ. ಅಫೀಮಿನ ವಂಶದ ಔಷಧಗಳನ್ನು ಆಸ್ಪತ್ರೆಯಲ್ಲಿ ವೈದ್ಯರ ಕಣ್ಣೆದುರಿಗೆ ಎರಡು ಮೂರು ದಿನ ಪಡೆದವರಲ್ಲಿ ಚಟ ಹುಟ್ಟುವುದು ವಿರಳ. ಮನೆಗೆ ಬಂದ ಮೇಲೆಯೂ ಅಗತ್ಯವಿಲ್ಲದೆ ಅವನ್ನು ಮುಂದುವರಿಸುವುದರಲ್ಲಿ ಅಪಾಯವಿದೆ. ಅಮೆರಿಕೆಯಲ್ಲಿ 1990ರ ದಶಕದ ಕೊನೆಯಿಂದ ಇಂತಹ ಗುಳಿಗೆಗಳನ್ನು ಕೈಸಡಿಲಿಸಿ ಬರೆದುಕೊಟ್ಟುದರಿಂದ ಆರಂಭವಾದ ಅನಾಹುತದಲ್ಲಿ ಲಕ್ಷಾಂತರ ಜನ ಪ್ರಾಣ ಕಳೆದುಕೊಂಡರು.

ನಮ್ಮ ದೇಶದಲ್ಲಿ ಕಂಡುದು ಇದಕ್ಕೆ ವಿಪರೀತ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರಕಾರದ ಪರವಾನಗಿಯಿಂದ ಅಫೀಮು ಬೆಳೆಯುತ್ತದೆ. ಆದರೂ 1985ರ ಮಾದಕ ವಸ್ತುಗಳ ಕಾಯದೆಯ ಬಿಗಿಯಿಂದಾಗಿ ಅನೇಕ ಆಸ್ಪತ್ರೆಗಳಿಗೆ ಮಾರ್ಫಿನ್ ದೊರೆಯುವುದೇ ದುರ್ಲಭವಾಗಿ, ಕಡು ನೋವಿನ ರೋಗಿಗಳು ನರಳಿದರು. 2014ರಲ್ಲಿ ಕಾಯದೆಯನ್ನು ತಿದ್ದಿ, ವೈದ್ಯಕೀಯ ಉಪಯೋಗಕ್ಕೆ ಅದು ಸುಲಭವಾಗಿ ದೊರೆಯುವಂತೆ ಮಾಡಲಾಯಿತು. ಟ್ರಮಡಾಲ್‌ನ ದುರುಪಯೋಗ ಹೆಚ್ಚಿದುದರಿಂದ 2018ರಲ್ಲಿ ಅದನ್ನು ಇದೇ ಕಾಯದೆಯ ಕಟ್ಟಿಗೆ ಒಳಪಡಿಸಲಾಯಿತು.

ದುಭಾಷಿಯ ಹೊಣೆ

ನೋವನ್ನು ಅಳೆಯುವ ಯಂತ್ರ ಯಾವ ಆಸ್ಪತ್ರೆಯಲ್ಲಿಯೂ ಇಲ್ಲ. ಜ್ವರಕ್ಕೆ ಥರ್ಮಾಮೀಟರ್ ಇದೆ, ರಕ್ತದ ಒತ್ತಡಕ್ಕೆ ಯಂತ್ರವಿದೆ, ನೋವಿಗೆ ರೋಗಿಯ ಮಾತೊಂದೇ ಆಧಾರ. ಆದಕಾರಣ ವೈದ್ಯರು, "ನೋವೇ ಇಲ್ಲದಿದ್ದರೆ ಸೊನ್ನೆ, ಊಹಿಸಲಾಗದಷ್ಟಿದ್ದರೆ ಹತ್ತು, ನಿಮಗೆಷ್ಟು?" ಎಂದು ಕೇಳುವರು. ಸುಮ್ಮನೆ ಮಲಗಿದಾಗ ಎಷ್ಟು, ಕೆಮ್ಮಿದಾಗ ಎಷ್ಟು, ಎದ್ದು ನಡೆದಾಗ ಎಷ್ಟು ಎಂದು ಮೂರನ್ನೂ ಹೇಳಬೇಕು. ಕೆಮ್ಮಲು, ನಡೆಯಲು, ನಿದ್ರಿಸಲು ಬರುವಷ್ಟು ನೋವು ಇಳಿಸುವುದು ಚಿಕಿತ್ಸೆಯ ಗುರಿ. ಕೆಮ್ಮದಿದ್ದರೆ ಎದೆಯಲ್ಲಿ ಕಫ ನಿಲ್ಲುವುದು, ನಡೆಯದಿದ್ದರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುವುದು. ಕೆಮ್ಮುವಾಗ ಹೊಟ್ಟೆಗೆ ಒಂದು ತಲೆದಿಂಬನ್ನು ಒತ್ತಿ ಹಿಡಿದುಕೊಂಡರೆ ನೋವು ಕಡಿಮೆಯಾಗುವುದೆಂಬುದನ್ನೂ ನೆನಪಿಡಿರಿ.

ನಮ್ಮ ನಗರದ ಕನ್ನಡ ಮಕ್ಕಳಲ್ಲಿ ಅನೇಕರು ಒಂದಿಲ್ಲೊಂದು ದಿನ ತಾಯಿಗೋ ಅಜ್ಜಿಗೋ ದುಭಾಷಿಯಾಗಿ ಆಸ್ಪತ್ರೆಯಲ್ಲಿ ನಿಲ್ಲಬೇಕಾಗುವುದು. ಆಗ ಕೇಳಿದುದನ್ನು ಕೇಳಿದಂತೆಯೇ ಹೇಳಿರಿ. "ತಡ್ಕೋತೀನಿ" ಎಂದರೆ ನೋವಿದೆಯೆಂದೇ ಅರ್ಥ. ಆ ಮಾತನ್ನು ನುಂಗಬೇಡಿರಿ. ಎಬ್ಬಿಸಿದರೂ ಏಳದಷ್ಟು ಮಂಪರು, ನಿಧಾನವಾದ ಉಸಿರು, ಕಪ್ಪು ಮಲ, ರಕ್ತದ ವಾಂತಿ, ಕಡಿಮೆಯಾದ ಮೂತ್ರ, ಔಷಧ ಕೊಟ್ಟರೂ ಏಕಾಏಕಿ ಏರುವ ನೋವು ಇವುಗಳಲ್ಲಿ ಯಾವುದು ಕಂಡರೂ ಕೂಡಲೇ ನರ್ಸನ್ನು ಕರೆಯಿರಿ. ಹಿಂದೆ ಯಾವ ಔಷಧದಿಂದ ಮೈಗೆ ಗಂಧೆ ಎದ್ದಿತ್ತು, ಮನೆಯಲ್ಲಿ ಈಗ ಯಾವ ಗುಳಿಗೆಗಳು ನಡೆದಿವೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿರಿ.

ಮೇಲೆ ಹೇಳಿದ ಹುಡುಗನು ಈಗ ಹತ್ತನೆಯ ಇಯತ್ತೆಯಲ್ಲಿದ್ದಾನೆ. ಕಳೆದ ತಿಂಗಳು ಅವರ ಚಾಳಿನ ಅಜ್ಜಿಯೊಬ್ಬರಿಗೆ ತೊಡೆಯ ಎಲುಬಿನ ಶಸ್ತ್ರಚಿಕಿತ್ಸೆಯಾದಾಗ ಅವನೇ ಎರಡು ದಿನ ಜತೆಗಿದ್ದನು. "ಅಜ್ಜಿ, ಮಲಗಿದಾಗ ಎಷ್ಟು? ಕೂತಾಗ ಎಷ್ಟು?" ಎಂದು ಕೇಳಿ ಕೇಳಿ, ತನ್ನ ರಫ್ ವಹಿಯ ಕೊನೆಯ ಪುಟದಲ್ಲಿ ಹೊತ್ತು ಸಹಿತ ಬರೆದು ವೈದ್ಯರಿಗೆ ತೋರಿಸಿದನಂತೆ. ಆ ವಹಿಯನ್ನು ಅವನು ನಮಗೆ ತಂದು ತೋರಿಸಿದನು. ಮೊದಲ ರಾತ್ರಿ 8 ಇದ್ದ ಅಂಕಿಯು ಮರುದಿನ ಸಂಜೆಗೆ 3ಕ್ಕೆ ಇಳಿದಿತ್ತು.